ಕೊಡ್ಲಿಪೇಟೆ ಕಡೆಯ ಅಂತರಿಕ್ಷ ಯೋಧ

ಹೊಸಬರು ಕಣ್ಣಿಗೆ ಬಿದ್ದರೆ ನಮ್ಮೂರಿನವರು ಮೊದಲು ಹೆಸರು ಕೇಳುವುದಿಲ್ಲ. ‘ಯಾವ ಕಡೆಯೋರು?’ ಎನ್ನುತ್ತಾರೆ. ಹೆಸರು ಆಮೇಲೆ, ಕೆಲಸ ಅದಕ್ಕೂ ಆಮೇಲೆ. ಕಡೆ ಗೊತ್ತಾಗದ ಮನುಷ್ಯನಿಗೆ ಕೂರಲು ಚಾಪೆ ಹಾಸುವುದಾದರೂ ಹೇಗೆ, ನೀವೇ ಹೇಳಿ. ಬಸ್ಸಿನಲ್ಲಿ ಪಕ್ಕ ಕೂತವನನ್ನು, ಕರೆಂಟ್ ಮೀಟರ್ ನೋಡಲು ಬಂದವನನ್ನು, ರಾಂಗ್ ನಂಬರಿಗೆ ಫೋನ್ ಮಾಡಿದವನನ್ನು ಕೂಡ ನಾನು ಈ ಪ್ರಶ್ನೆ ಕೇಳದೆ ಬಿಟ್ಟವನಲ್ಲ. ಬ್ಯಾಂಕಿನವನೆಂದು ಹೇಳಿಕೊಂಡು ನನ್ನ ಗುಟ್ಟಿನ ನಂಬರು ಕೇಳಿದ ಒಬ್ಬ ಮೋಸಗಾರನಂತೂ, ನಾನು ಹಿಡಿದ ಪಟ್ಟು ಬಿಡದೆ ‘ಅದಿರ್ಲಿ, ಯಾವ ಕಡೆಯೋರಪ್ಪ ನೀವು?’ ಎಂದು ಕೇಳುತ್ತಲೇ ಹೋದದ್ದಕ್ಕೆ ಬೇಸತ್ತು ತಾನೇ ಫೋನ್ ಇಟ್ಟುಬಿಟ್ಟ.

ಈ ಚಾಳಿ ಅಜ್ಜಿಯಿಂದ ಬಂದ ಆಸ್ತಿ. ಆಸ್ತಿ ಎಂದು ಹೇಳಿಕೊಳ್ಳಲು ಅವಳಿಂದ ಬಂದದ್ದು ಇದೊಂದೇ. ನಾನು ಮಾತು ಕಲಿತದ್ದೇ ಅವಳ ಮತ್ತು ಅವಳ ಓರಗೆಯ ಮುದುಕಿಯರ ನಡುವೆ, ಕಾಫಿ ಹರವಿದ ಕಣದ ಅಂಚಿನಲ್ಲಿ, ಕೋಳಿ ಓಡಿಸುವ ಕೆಲಸದ ಮೇಲೆ ಕೂತುಕೊಂಡು. ಶಾಲೆಯ ಮೇಷ್ಟ್ರು ‘ಹೋಗುತ್ತದೆ’ ಎಂದು ಬರೆಸಿದರೆ ನನ್ನ ಕೈ ಬರೆಯುತ್ತಿತ್ತು, ಬಾಯಿ ಮಾತ್ರ ‘ಹೋಯ್ತದೆ’ ಎನ್ನುತ್ತಿತ್ತು. ಒಮ್ಮೆ ಅಜ್ಜಿಗೆ ಜ್ವರ ಬಂದು, ಊರಿಗೆ ಹೊಸದಾಗಿ ಬಂದ ಡಾಕ್ಟರು ಸೂಜಿ ಹಿಡಿದು ಹತ್ತಿರ ಬಂದಾಗ ಅವಳು ತೋಳನ್ನು ಸೆರಗಿನೊಳಗೆ ಎಳೆದುಕೊಂಡು, ‘ಮೊದ್ಲು ಯಾವ ಕಡೆಯೋನು ಅಂತ ಹೇಳಪ್ಪ, ಆಮೇಲೆ ಚುಚ್ಚು’ ಎಂದಿದ್ದಳು. ಅವರು ‘ಬೀದರ್ ಕಡೆ’ ಎಂದರು. ಬೀದರ್ ಎಲ್ಲಿದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ಯೋಚಿಸಿ, ‘ಆಗ್ಲಿ. ಅಲ್ಲೂ ಮಳೆ ಬತ್ತದಾ?’ ಎಂದು ಕೇಳಿ, ಬರುತ್ತದೆ ಎಂದು ಖಾತ್ರಿಯಾದ ಮೇಲೆ ತೋಳು ಕೊಟ್ಟಳು.

ಎಲ್ಲರನ್ನೂ ಕೇಳಿದ ಪಾಪಕ್ಕೆ ಆ ಪ್ರಶ್ನೆ ನನಗೆ ತಿರುಗಿ ಬಂದಾಗಲೆಲ್ಲ ಪೇಚಾಟ. ಜಿಲ್ಲೆಯ ಆಚೆ ಕಾಲಿಟ್ಟು ‘ಕೊಡಗಿನ ಕಡೆ’ ಎಂದೆನೋ, ಕೇಳಿದವರ ಮುಖ ಅರಳುತ್ತದೆ. ‘ಓ! ಹಾಗಾದ್ರೆ ಮನೇಲಿ ಬಂದೂಕು ಇರ್ಬೇಕಲ್ಲ?’ ಇಲ್ಲ. ‘ಮಿಲಿಟರೀಲಿ ಯಾರಿದ್ದಾರೆ?’ ಯಾರೂ ಇಲ್ಲ. ‘ಪಂದಿ ಕರಿ ಮಾಡೋದು ಹೇಗೆ ಸಾರ್?’ ಹಂದಿಮಾಂಸವಿರಲಿ, ನಮ್ಮದು ಮೂರು ತಲೆಮಾರಿನಿಂದ ಈರುಳ್ಳಿಯನ್ನು ದಾಟಿ ಮುಂದೆ ಹೋಗದ ಅಡುಗೆಮನೆ. ಅರಳಿದ ಮುಖ ಹಾಗೇ ಮುದುಡುತ್ತದೆ. ಕೊನೆಗೊಂದು ತೀರ್ಪು: ‘ನೀವು ಕೊಡಗಿನವರ ಹಾಗೆ ಕಾಣೋದೇ ಇಲ್ಲವಲ್ಲ!’ ಏನೋ ಮೋಸ ಮಾಡಿ ಸಿಕ್ಕಿಬಿದ್ದವನಂತೆ ನಾನು ತಲೆ ತಗ್ಗಿಸುತ್ತೇನೆ. ಕೊಡಗಿನ ಬಡಗಣ ತುದಿಯಲ್ಲಿ, ಹಾಸನದ ಬೇಲಿಗೆ ಬೆನ್ನು ಕೊಟ್ಟು ಕೂತ ಕೊಡ್ಲಿಪೇಟೆಯವರ ಪಾಡು ಇದು. ಮಡಿಕೇರಿಯವರಿಗೆ ನಾವು ಹಾಸನದವರು, ಹಾಸನದವರಿಗೆ ನಾವು ಕೂರ್ಗಿನವರು. ಕಾಫಿ ಮಾತ್ರ ಎರಡೂ ಕಡೆಯವರು ನಮ್ಮ ಮನೆಯಲ್ಲಿ ಕುಡಿದು ಹೋಗುತ್ತಾರೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಇಂತಹ ನನ್ನನ್ನು ಹಿಡಿದು ಅಂತರಿಕ್ಷಕ್ಕೆ ಕಳಿಸುವ ಯೋಜನೆಯೊಂದು ನಮ್ಮ ಸುಮಾಳ ತಲೆಯಲ್ಲಿ ಹುಟ್ಟಿತು.

ಸುಮಾ ನನ್ನ ತಂಗಿಯ ಮಗಳು. ಕುಶಾಲನಗರದ ಶಾಲೆಯೊಂದರಲ್ಲಿ ಟೀಚರು. ಚಿಕ್ಕವಳಿದ್ದಾಗ ಜಪಾನಿನ ಕಾರ್ಟೂನು ನೋಡಿ ನೋಡಿ, ಬೈಸಿಕೊಂಡು ಬೈಸಿಕೊಂಡು, ಕೊನೆಗೆ ಆ ಭಾಷೆಯನ್ನೇ ಕಲಿತುಬಿಟ್ಟವಳು. ‘ಕಾರ್ಟೂನ್ ಅನ್ಬೇಡ ಮಾವ, ಆನಿಮೆ ಅನ್ನು’ ಎಂದು ನನ್ನನ್ನು ತಿದ್ದಿ ತಿದ್ದಿ ಸೋತಿದ್ದಾಳೆ. ಮೈಸೂರಿನ ಒಂದು ಸಣ್ಣ ಕಂಪನಿಯವರು ಜಪಾನಿನ ಯುದ್ಧದ ಚಿತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದರು. ಅದರ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆಯುವ ಕೆಲಸ ಅವಳಿಗೆ ಸಿಕ್ಕಿತ್ತು. ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು. ನಾನು, ನನ್ನ ಹೆಂಡತಿ ಜಯ ಅದರ ಮುಂದೆ ಕೂತೆವು.

ಕಥೆ ಸರಳ. ಭೂಮಿ ಸಾಲದೆ ಕೆಲವರು ಹಿಂದೆಂದೋ ದೂರದ ಗ್ರಹಕ್ಕೆ ಹೋಗಿ ನೆಲೆಸಿದ್ದಾರೆ. ಈಗ ಆ ಗ್ರಹದವರಿಗೂ ಭೂಮಿಯವರಿಗೂ ಯುದ್ಧ. ಭೂಮಿಯ ಪರ ಹೋರಾಡುವ ಹಡಗಿನಲ್ಲಿ ದೇಶಕ್ಕೊಬ್ಬರಂತೆ ಸೈನಿಕರು. ಎಲ್ಲರಿಗೂ ತೆಂಗಿನಕಾಯಿ ಹೋಳಿನಷ್ಟು ದೊಡ್ಡ ಕಣ್ಣು. ಕೂದಲು ಒಬ್ಬರದು ನೀಲಿ, ಒಬ್ಬರದು ಕೆಂಪು, ಒಬ್ಬರದು ಎಳೆ ಬಾಳೆಲೆಯ ಬಣ್ಣ.

‘ಇದ್ರಲ್ಲಿ ಜಪಾನಿನೋರು ಯಾರೇ?’ ಜಯ ಕೇಳಿದಳು.

‘ಬರ್ದಿರೋರೆಲ್ಲ ಜಪಾನಿನೋರೇ ಅತ್ತೆ.’

‘ಬರ್ದೋರನ್ನ ಕೇಳ್ನಿಲ್ಲ. ಇದ್ರೊಳಗೆ ಯಾರು ಅಂದೆ.’

ಸುಮಾ ನೇರಳೆ ಕೂದಲಿನ ಹುಡುಗಿಯನ್ನು ತೋರಿಸಿದಳು.

‘ಇವ್ಳಾ? ಇವ್ಳನ್ನ ನಾನು ಗಂಧರ್ವರ ಕಡೆಯೋಳು ಅಂದ್ಕಂಡಿದ್ದೆ!’

ಹೀಗೆ ಜಪಾನಿನವರ ಚಿತ್ರದಲ್ಲಿ ಜಪಾನಿನವರೇ ಗುರುತು ಸಿಗದೆ ಹೋದ ಮೇಲೆ ಉಳಿದವರ ಕಥೆ ಕೇಳಬೇಕೆ? ರಷ್ಯಾದವನು ಕುಡಿಯುತ್ತಾನೆ. ಅಮೆರಿಕದವನು ಏನನ್ನೋ ಅಗಿಯುತ್ತಾನೆ. ಫ್ರಾನ್ಸಿನವನು ಸಿಕ್ಕಿದವಳನ್ನೆಲ್ಲ ಪ್ರೀತಿಸುತ್ತಾನೆ. ಆಫ್ರಿಕಾದವನು ಭಾರ ಹೊರುತ್ತಾನೆ. ಅವನಿಗೆ ದೇಶವೇ ಇಲ್ಲ, ಖಂಡ ಮಾತ್ರ.

‘ಇದಕ್ಕೆ ವೈವಿಧ್ಯ, ಪ್ರಾತಿನಿಧ್ಯ ಅಂತೆಲ್ಲ ಪತ್ರಿಕೇಲಿ ಹೊಗಳಿದಾರೆ ಮಾವ’ ಎಂದಳು ಸುಮಾ, ಮೂತಿ ಸೊಟ್ಟ ಮಾಡಿ.

ಪ್ರಾತಿನಿಧ್ಯ ಎಂದರೆ ನನಗೆ ನೆನಪಾಗುವುದು ಗ್ರಾಮ ಪಂಚಾಯಿತಿ. ವಾರ್ಡಿಗೊಬ್ಬ ಸದಸ್ಯ, ಅವನು ಸಭೆಗೆ ಬರುತ್ತಾನೆ, ಬೋಂಡಾ ತಿನ್ನುತ್ತಾನೆ, ಸಹಿ ಹಾಕುತ್ತಾನೆ, ಹೋಗುತ್ತಾನೆ. ಈ ಹಡಗಿನಲ್ಲೂ ಹೆಚ್ಚುಕಡಿಮೆ ಅದೇ ಏರ್ಪಾಡು ಎಂದು ನನಗೆ ಅನ್ನಿಸಿತು.

ಅಷ್ಟರಲ್ಲಿ ನಮ್ಮವನು ಬಂದ. ಭಾರತದ ಸೈನಿಕ. ಹೆಸರು ಕುಮಾರ್ ಸಿಂಗ್ ಖಾನ್. ಒಂದೇ ಹೆಸರಿನಲ್ಲಿ ಇಷ್ಟೊಂದು ಜನರನ್ನು ಕೂರಿಸಿದವರ ಧಾರಾಳಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಹಸಿರು ಪೇಟ, ಹುರಿ ಮೀಸೆ, ಹಣೆಯ ಮೇಲೆ ಕಾಸಗಲ ಕುಂಕುಮ. ಕೆಲಸ ಹಡಗಿನ ಅಡುಗೆಮನೆಯಲ್ಲಿ. ಯುದ್ಧ ಶುರುವಾಗುವ ಮೊದಲು ಮೂಗು ಹಿಡಿದು ಪ್ರಾಣಾಯಾಮ ಮಾಡುತ್ತಾನೆ, ಉಳಿದ ಹೊತ್ತಿನಲ್ಲಿ ದೊಡ್ಡ ಪಾತ್ರೆಯೊಳಗೆ ಹಳದಿ ಬಣ್ಣದ್ದೇನನ್ನೋ ತಿರುವುತ್ತಾನೆ.

‘ಬೇಳೆ ಬೆಂದಿಲ್ಲ’ ಎಂದಳು ಜಯ, ಪರದೆಯ ಹತ್ತಿರ ಬಗ್ಗಿ ನೋಡಿ.

ಚಿತ್ರ ಅರ್ಧ ಆಗುವಷ್ಟರಲ್ಲಿ ಅವನು ಸತ್ತ. ಇಂತಹ ಚಿತ್ರಗಳಲ್ಲಿ ಎಲ್ಲರಿಗೂ ಹೊಟ್ಟೆತುಂಬ ಬಡಿಸುವವನು ಕೊನೆಯತನಕ ಉಳಿಯುವುದಿಲ್ಲ. ವೈರಿ ಪಡೆಯ ಒಬ್ಬ ಎಳೆಯ ಸೈನಿಕ ಅವನ ಎದೆಗೆ ಕೋವಿ ಇಟ್ಟು, ಏನೋ ಕೇಳಿ, ಇವನು ಏನೋ ಹೇಳಿ, ಢಮ್ಮೆಂದಿತು. ಜಯಳಿಗೆ ಆ ವೈರಿಯ ಮೇಲೂ ಸಿಟ್ಟು ಬರಲಿಲ್ಲ. ‘ಪಾಪ, ಊರು ಬಿಟ್ಟು ಹೋದೋರ ಮಕ್ಳು. ಅವ್ರಿಗೂ ಇರಕ್ಕೊಂದು ಜಾಗ ಬೇಕಲ್ಲ’ ಎಂದಳು. ಅವಳ ತಾತ ಕುಶಾಲನಗರದ ಹತ್ತಿರ ಕಾಡಂಚಿನ ಜಮೀನಿಗೆ ಹಾಸನದಿಂದ ಗಾಡಿ ಕಟ್ಟಿಕೊಂಡು ಬಂದವರು. ಹಾಗಾಗಿ ಅಂತರಿಕ್ಷದ ರಾಜಕೀಯ ಅವಳಿಗೆ ನನಗಿಂತ ಬೇಗ ಅರ್ಥವಾಯಿತು.

ಈಗ ಸುಮಾ ವಿಷಯಕ್ಕೆ ಬಂದಳು. ಕನ್ನಡದಲ್ಲಿ ಈ ಕುಮಾರ್ ಸಿಂಗ್ ಖಾನ್ ಎಲ್ಲಿಯವನೂ ಅಲ್ಲದ ಹಾಗೆ ಇರಬಾರದು ಎಂದು ಡಬ್ಬಿಂಗ್ ನಿರ್ದೇಶಕ ಪ್ರಣೀತನ ಆಸೆಯಂತೆ. ಸೈನಿಕ ಅಂದಮೇಲೆ ಕೊಡಗು. ಬೇರೆ ಯೋಚನೆಯೇ ಬೇಡ. ಹಾಗಾಗಿ ಅವನು ಬರೀ ಕುಮಾರ, ಕೊಡಗಿನವನು. ಜಪಾನಿನವರೂ ಒಪ್ಪಿದ್ದಾರೆ. ಅವರಿಗೆ ಭಾರತ ಎಂದರೆ ಪೇಟ ಇದ್ದರಾಯಿತು.

‘ಅದಕ್ಕೆ?’ ಎಂದೆ.

‘ಅದಕ್ಕೆ ಅವ್ನ ಮಾತನ್ನೆಲ್ಲ ನಾನು ನಮ್ಮ ಅಜ್ಜಿ ಮಾತಲ್ಲಿ ಬರ್ದಿದೀನಿ. ನಿಮ್ಮಜ್ಜಿ ನನ್ನಜ್ಜಿಗೆ ಕಲ್ಸಿದ್ದು, ನಮ್ಮಜ್ಜಿ ನಂಗೆ ಕಲ್ಸಿದ್ದು. ಅದನ್ನ ನೀನೇ ಆಡ್ಬೇಕು. ಮದುವೆ ಮನೇಲೆಲ್ಲ ಮೈಕ್ ಹಿಡೀತೀಯಲ್ಲ, ಇಲ್ಲೂ ಹಿಡಿ.’

‘ಜನ ನಗಲ್ವೇನೇ?’

ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

‘ಅದಕ್ಕೇ ಮಾವ. ಸಿನಿಮಾದಲ್ಲಿ ನಮ್ಮ ಮಾತು ಬಂದಾಗೆಲ್ಲ ನಗ್ತಾರೆ. ಒಂದೇ ಒಂದು ಸಲ, ನಮ್ಮ ಮಾತಾಡೋನೊಬ್ಬ ಬಾಯಿ ಬಿಟ್ಟಾಗ ಜನ ನಗದೆ ಕೇಳ್ಬೇಕು. ಅವ್ನು ಸತ್ರೆ ಅಯ್ಯೋ ಅನ್ಬೇಕು. ನಂಗೆ ಅಷ್ಟೇ ಬೇಕಿರೋದು.’

ನನಗೆ ನಮ್ಮೂರಿಗೆ ಬರುತ್ತಿದ್ದ ಟೂರಿಂಗ್ ಟಾಕೀಸ್ ಕಣ್ಣಿಗೆ ಕಟ್ಟಿತು. ಬೇಸಗೆಯಲ್ಲಿ ಬಯಲಲ್ಲಿ ಡೇರೆ ಏಳುತ್ತಿತ್ತು, ನಾವು ಮರಳಿನ ಮೇಲೆ ಗುಪ್ಪೆ ಮಾಡಿಕೊಂಡು ಕೂರುತ್ತಿದ್ದೆವು. ಹಿಂದಿನವನು ಒದ್ದರೆ ಗುಪ್ಪೆ ಕುಸಿದು ನಾಯಕಿಯ ತಲೆ ಮಾತ್ರ ಕಾಣುತ್ತಿತ್ತು. ಆ ಚಿತ್ರಗಳಲ್ಲಿ ನಾಯಕ ಮೇಷ್ಟ್ರ ಹಾಗೆ ಮಾತಾಡುತ್ತಿದ್ದ. ಖಳನಾಯಕ ವಕೀಲರ ಹಾಗೆ. ಮನೆಯಾಳು ಒಬ್ಬನಿರುತ್ತಿದ್ದ, ಅವನು ಮಾತ್ರ ಥೇಟು ನಮ್ಮ ಹಾಗೆ ‘ಬತ್ತೀನಿ ಬುದ್ಧಿ’ ಎನ್ನುತ್ತಿದ್ದ. ಡೇರೆಗೆ ಡೇರೆಯೇ ಬಿದ್ದು ಬಿದ್ದು ನಗುತ್ತಿತ್ತು. ನಗುತ್ತಿದ್ದವರು ಯಾರು? ಮನೆಗೆ ಹೋಗಿ ‘ಬತ್ತೀನಿ’ ಎನ್ನುವವರೇ. ನಮ್ಮಜ್ಜಿ ಒಬ್ಬಳು ಮಾತ್ರ ನಗದೆ, ‘ಅವ್ನು ಹೇಳಿದ್ರಲ್ಲಿ ನಗು ಬರೋದು ಏನೈತೆ?’ ಎಂದು ಅಕ್ಕಪಕ್ಕದವರನ್ನು ಕೇಳುತ್ತಿದ್ದಳು. ಆ ಪ್ರಶ್ನೆಗೂ ಜನ ನಗುತ್ತಿದ್ದರು.

ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ಹುರುಪು ಬಂದು, ಸುಮಾಳಿಗೆ ಒಂದು ಸಲಹೆಯನ್ನೂ ಕೊಟ್ಟೆ. ಹಡಗಿನ ಅಡುಗೆಮನೆಯಲ್ಲಿ ಕುಮಾರನ ಜೊತೆ ಪಾತ್ರೆ ತೊಳೆಯುವ ಒಂದು ರೋಬೋ ಇದೆ. ಅದಕ್ಕೆ ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನ ಕಾಕಾನ ಮಲಯಾಳ ಬೆರೆತ ಕನ್ನಡ ಕೊಟ್ಟರೆ ಬಹಳ ಮಜಾ ಬರುತ್ತದೆ ಎಂದೆ. ಕಾಕಾನ ಹಾಗೆ ಎರಡು ಮಾತು ಆಡಿಯೂ ತೋರಿಸಿದೆ. ಸುಮಾ ನಗಲಿಲ್ಲ. ನನ್ನನ್ನೇ ನೋಡುತ್ತ ಕೂತಳು. ನನ್ನ ಮಾತಿಗೆ ಜನ ನಗಬಾರದೆಂದು ತೀರ್ಮಾನವಾಗಿ ಇನ್ನೂ ಒಂದು ಲೋಟ ಕಾಫಿ ಕುಡಿದು ಮುಗಿದಿರಲಿಲ್ಲ.

‘ಬೇಡ ಬಿಡು’ ಎಂದೆ ನಾನೇ. ರೋಬೋ ಮಾತಿಲ್ಲದೆ ಪಾತ್ರೆ ತೊಳೆಯಿತು.

ಮೈಸೂರಿಗೆ ಹೋಗುವಾಗ ಜೊತೆಗೆ ಬೋಪಯ್ಯ ಬಂದ. ಬೋಪಯ್ಯ ಸುಂಟಿಕೊಪ್ಪದವನು, ಸುಬೇದಾರನಾಗಿ ನಿವೃತ್ತನಾದವನು, ನನ್ನ ಹಳೆಯ ಗೆಳೆಯ. ಕಣ್ಣಿನ ಡಾಕ್ಟರಿಗೆ ತೋರಿಸುವುದಿತ್ತು ಅವನಿಗೆ. ‘ನಿನ್ನ ಧ್ವನಿ ಆಕಾಶಕ್ಕೆ ಹೋಗುವುದನ್ನು ಕಿವಿಯಿಂದ ಕೇಳಿಯೇ ಕಣ್ಣು ತೋರಿಸ್ತೇನೆ ಚಂದ್ರಣ್ಣ’ ಎಂದು ಸ್ಟುಡಿಯೋಗೂ ಬಂದು ಮೂಲೆಯ ಸೋಫಾದಲ್ಲಿ ಕೂತ.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಾಸಿಗೆ ಹೊಡೆದ ಒಂದು ಕೋಣೆ. ಒಳಗೆ ಮೈಕು, ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನು. ಗಾಜಿನ ಆಚೆ ಪ್ರಣೀತ, ಸುಮಾ. ಪ್ರಣೀತ ಒಳ್ಳೆಯ ಹುಡುಗನೇ. ಗಡ್ಡ ಬಿಟ್ಟಿದ್ದ, ಕಾಫಿ ತರಿಸಿಕೊಟ್ಟ, ನಾನು ಕೂರುವ ಕುರ್ಚಿಯನ್ನು ತಾನೇ ಒರೆಸಿದ. ನಾನು ಎರಡು ಸಾಲು ಹೇಳುತ್ತಲೇ ಅವನ ಮುಖದಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಆ ಮೋಡ ಕವಿಯಿತು.

‘ಅಂಕಲ್, ಚೆನ್ನಾಗಿದೆ. ಆದ್ರೆ... ಕೂರ್ಗ್ ಥರ ಇಲ್ಲ.’

‘ನಾನು ಕೂರ್ಗಿನವನೇ ಅಲ್ವೇನಪ್ಪ?’

‘ಅದು ಸರಿ ಅಂಕಲ್. ಸ್ವಲ್ಪ ಇನ್ನೂ ಕೂರ್ಗ್ ಬೇಕು.’

ಇನ್ನೂ ಕೂರ್ಗ್ ಎಂದರೆ ಎಷ್ಟು ಎಂದು ತಿಳಿಯದೆ ಬೋಪಯ್ಯನ ಮುಖ ನೋಡಿದೆ. ಪ್ರಣೀತನೂ ಅತ್ತ ನೋಡಿದ. ಬೋಪಯ್ಯನ ಮೀಸೆ, ಬೆನ್ನಿನ ಬಿಗಿ, ಕೂತ ಠೀವಿ ಎಲ್ಲ ಕಂಡು ಹುಡುಗನ ಕಣ್ಣು ಮಿನುಗಿತು. ಸಿಕ್ಕಿದನಲ್ಲ ಅಸಲಿ ಮಾಲು!

‘ಸರ್, ನೀವೊಂದು ಸಲ ಹೇಳ್ತೀರಾ?’

ಬೋಪಯ್ಯ ಮೈಕಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತ. ಪರದೆಯ ಮೇಲೆ ಕುಮಾರ ಹಡಗಿನವರನ್ನು ಊಟಕ್ಕೆ ಕರೆಯುವ ದೃಶ್ಯ. ಬೋಪಯ್ಯ ಎದೆಯುಬ್ಬಿಸಿ ‘ಖಾನಾ ತಯಾರ್!’ ಎಂದು ಅಬ್ಬರಿಸಿದ ಹೊಡೆತಕ್ಕೆ ಗಾಜಿನಾಚೆ ಇಬ್ಬರೂ ಹೆಡ್‌ಫೋನ್ ಕಿತ್ತು ಕಿವಿ ಹಿಡಿದುಕೊಂಡರು.

‘ಸರ್, ಕನ್ನಡದಲ್ಲಿ...’

‘ಸಿಪಾಯಿಗೆ ಊಟಕ್ಕೆ ಕರೆಯುವುದು ನಾನು ಜನ್ಮದಲ್ಲೇ ಕನ್ನಡದಲ್ಲಿ ಮಾಡ್ಲಿಲ್ಲ ಮಾರಾಯ. ಮನೆಯಲ್ಲಿ ಕೊಡವ ತಕ್ಕ್, ಪಲ್ಟನ್ನಲ್ಲಿ ಹಿಂದಿ, ಕನ್ನಡ ಇವನ ಹತ್ರ ಜಗಳ ಆಡ್ಲಿಕ್ಕೆ ಮಾತ್ರ. ಮತ್ತೆ ಒಂದು ಕೇಳ್ತೇನೆ. ಈ ಕುಮಾರ ಕಟ್ಟಿದ ಪೇಟ ಎಂತದ್ದು? ಇದು ನಮ್ಮ ಮದುವೆಯಲ್ಲೂ ಇಲ್ಲ, ಸಾವಲ್ಲೂ ಇಲ್ಲ.’

‘ಅದು... ಜಪಾನಿನವರು ಬರೆದಿರೋದು ಸರ್.’

‘ಹಾಗಾದ್ರೆ ಪೇಟ ಜಪಾನಿನದ್ದು, ಧೈರ್ಯ ನಮ್ಮದು, ಮಾತು ಇವನದ್ದು. ಸರಿಯಾಯ್ತಲ್ಲ, ನಡೀಲಿ’ ಎಂದು ಬೋಪಯ್ಯ ಹೋಗಿ ಮತ್ತೆ ಸೋಫಾದಲ್ಲಿ ಕೂತ.

ಬೇರೆ ದಾರಿಯಿಲ್ಲದೆ ಮೈಕು ನನಗೇ ಉಳಿಯಿತು. ಕೆಲಸ ಸಾಗಿತು. ಊಟಕ್ಕೆ ಕರೆದೆ, ಬೇಳೆ ತಿರುವಿದೆ, ಪ್ರಾಣಾಯಾಮದ ಉಸಿರನ್ನೂ ಬಿಟ್ಟೆ. ನನ್ನ ಉಸಿರಿನಲ್ಲಿ ಮಾತ್ರ ಕೂರ್ಗಿನ ಕೊರತೆ ಯಾರಿಗೂ ಕಾಣಲಿಲ್ಲ. ಹೀಗೇ ಬಂದು ಸಾಯುವ ದೃಶ್ಯಕ್ಕೆ ನಿಂತೆವು.

ಅಲ್ಲಿ ತಕರಾರು. ವೈರಿ ಸೈನಿಕ ‘ನೀನು ಯಾವ ಕಡೆಯವನು?’ ಎಂದು ಕೇಳುತ್ತಾನೆ. ಮೂಲದಲ್ಲಿ ಕುಮಾರ ‘ಭೂಮಿಯ ಕಡೆಯವನು’ ಎಂದು ಹೇಳುತ್ತಾನಂತೆ. ಸುಮಾ ಹಾಗೇ ಬರೆದಿದ್ದಳು. ಆದರೆ ಜಪಾನಿ ಮಾತು ಉದ್ದ, ಕನ್ನಡ ಗಿಡ್ಡ. ನಾನು ಹೇಳಿ ಮುಗಿಸಿದ ಮೇಲೂ ಕುಮಾರನ ಬಾಯಿ ಎಲೆಯಡಿಕೆ ಹಾಕಿಕೊಂಡವನ ಹಾಗೆ ಆಡುತ್ತಲೇ ಇತ್ತು. ಪ್ರಣೀತ ಇದಕ್ಕೊಂದು ಪರಿಹಾರ ಬರೆದು ತಂದಿದ್ದ: ‘ನಾನು ಭೂಮಾತೆಯ ವೀರಪುತ್ರ, ಕೂರ್ಗಿನ ಸಿಂಹ!’ ಅದು ಅಳತೆ ಮೀರಿತು. ಬಾಯಿ ಮುಚ್ಚಿದ ಮೇಲೆ ಸಿಂಹ ಹೊರಬರಬೇಕಾಯಿತು.

‘ಅಲ್ಲಿ ವೈರಿ ಮುಖ ತೋರಿಸಿ ಮ್ಯಾನೇಜ್ ಮಾಡ್ತೀನಿ’ ಎಂದ ಪ್ರಣೀತ.

‘ಇಷ್ಟು ಹೊತ್ತು ಬೇಳೆ ತಿರುವ್ತಾ ಇದ್ದೋನು ಇದ್ದಕ್ಕಿದ್ದ ಹಾಗೆ ಸಿಂಹ ಹೆಂಗಾಗ್ತಾನೆ?’ ಸುಮಾಳ ಧ್ವನಿ ಗಾಜು ದಾಟಿ ಕೇಳಿಸಿತು.

‘ಸಾಯೋ ಸೀನ್ ಸುಮಾ. ಪಂಚ್ ಬೇಕು.’

‘ಸಾಯೋರು ಪಂಚ್ ಹೇಳಲ್ಲ.’

ಕೊನೆಗೆ ಸಿಂಹವನ್ನೂ ಒಂದು ಸಲ ಹೇಳಿ ರೆಕಾರ್ಡ್ ಮಾಡಿಸಿದ್ದಾಯಿತು. ನನ್ನ ಬಾಯಲ್ಲಿ ಅದು ಸಿಂಹಕ್ಕಿಂತ ಹೆಚ್ಚಾಗಿ, ಕಾಫಿ ಮಂಡಳಿಯ ಸಭೆಯಲ್ಲಿ ಓದಿದ ಸ್ವಾಗತ ಭಾಷಣದಂತೆ ಬಂತು. ಇನ್ನೊಮ್ಮೆ ಹೇಳಿ ಎಂದ ಪ್ರಣೀತ. ಪರದೆ ಮತ್ತೆ ಹಿಂದಕ್ಕೆ ಓಡಿತು. ಕೋವಿ ಎದೆಗೆ ಬಂತು. ವೈರಿ ಹುಡುಗನ ಮಾತನ್ನು ಯಾರೋ ಆಗಲೇ ಆಡಿಟ್ಟಿದ್ದರು. ಹೆಡ್‌ಫೋನಿನಲ್ಲಿ, ಕಿವಿಯ ಒಳಗೇ ನಿಂತು ಕೇಳಿದ ಹಾಗೆ, ಆ ಪ್ರಶ್ನೆ ಬಂತು.

‘ನೀನು ಯಾವ ಕಡೆಯವನು?’

‘ಕೊಡ್ಲಿಪೇಟೆ ಕಡೆಯೋನು ಕಣಪ್ಪ.’

ನಾನು ಹೇಳಿದ್ದಲ್ಲ, ಅದು ತಾನಾಗಿ ಬಂದದ್ದು. ಆ ಪ್ರಶ್ನೆಗೆ ಹುಟ್ಟಿದಾರಭ್ಯ ನನ್ನಲ್ಲಿ ಒಂದೇ ಉತ್ತರ ಇರುವುದು. ಕಡೆ ಎಂದರೆ ಪಕ್ಷ, ಕಡೆ ಎಂದರೆ ದಳ, ಕೋವಿ ಹಿಡಿದವನು ಕೇಳುತ್ತಿರುವುದು ಅದನ್ನು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಅವನು ಬಸ್ಸಿನಲ್ಲಿ ಪಕ್ಕದ ಸೀಟಿನವನು ಎಂದೇ ನನ್ನ ನಾಲಗೆ ತಿಳಿಯಿತು.

ನಾಚಿಕೆಯಿಂದ ಹೆಡ್‌ಫೋನ್ ತೆಗೆದೆ. ‘ತಪ್ಪಾಯ್ತು, ಇನ್ನೊಂದ್ಸಲ ಹೇಳ್ತೀನಿ’ ಎಂದೆ.

‘ಬೇಡ ಮಾವ, ಸುಮ್ನಿರು’ ಎಂದಳು ಸುಮಾ.

ಸೋಫಾದಿಂದ ಬೋಪಯ್ಯ ಮೆಲ್ಲಗೆ ಹೇಳಿದ: ‘ಎದೆಗೆ ಬಂದೂಕು ಇಟ್ಟಾಗ ಯಾರೂ ಸಿಂಹ ಆಗುವುದಿಲ್ಲ, ಚಂದ್ರಣ್ಣ. ಊರು ನೆನಪಾಗ್ತದೆ.’ ಅವನು ಅಂತಹ ಮಾತನ್ನು ಆಡುವವನಲ್ಲ. ಅದಕ್ಕೇ ಇರಬೇಕು, ಹೇಳಿದ ಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಇಷ್ಟು ಒಳ್ಳೆಯ ಮಾತಿನ ಮೇಲೆ ತೀರ್ಮಾನವಾಯಿತು ಎಂದು ನೀವು ತಿಳಿದರೆ ತಪ್ಪು. ಪ್ರಣೀತನಿಗೆ ಅದು ಕೇಳಿಸಲೇ ಇಲ್ಲ. ಅವನು ದೃಶ್ಯವನ್ನು ಹಿಂದೆ ಮುಂದೆ ಓಡಿಸುತ್ತ ಕುಮಾರನ ಬಾಯಿಯನ್ನೇ ನೋಡುತ್ತಿದ್ದ. ‘ಕೊ’ ಎನ್ನುವಾಗ ತುಟಿ ದುಂಡಗಾಗುತ್ತಿತ್ತು. ‘ಪೇ’ ಬರುವ ಹೊತ್ತಿಗೆ ಮುಚ್ಚಿ ತೆರೆಯುತ್ತಿತ್ತು. ಕೊನೆಯ ‘ಪ್ಪ’ಕ್ಕೆ ಸರಿಯಾಗಿ ತುಟಿ ಒಂದಾಗಿ ಬಿಡುತ್ತಿತ್ತು. ಜಪಾನಿನ ಯಾವನೋ ಚಿತ್ರಗಾರ ಕೊಡ್ಲಿಪೇಟೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಆ ಬಾಯಿ ಬರೆದ ಹಾಗಿತ್ತು.

‘ಲಿಪ್ ಸಿಂಕ್ ಬೆಣ್ಣೆ ಥರ ಕೂತಿದೆ’ ಎಂದು ಅವನು ತಲೆ ಕೆರೆದುಕೊಂಡ. ‘ಆದ್ರೆ ಕೊಡ್ಲಿಪೇಟೆ ಯಾರಿಗೆ ಗೊತ್ತು? ಅಂಕಲ್, ಮಡಿಕೇರಿ ಅಂತ ಹೇಳಿ ನೋಡಿ.’

ಹೇಳಿದೆ. ಮಡಿಕೇರಿ ಸಾಲಲಿಲ್ಲ, ಬಾಯಿ ಸ್ವಲ್ಪ ಉಳಿಯಿತು. ವಿರಾಜಪೇಟೆಯಲ್ಲಿ ತುಟಿ ತಪ್ಪಿತು. ಬೋಪಯ್ಯನ ಒತ್ತಾಯಕ್ಕೆ ಸುಂಟಿಕೊಪ್ಪವನ್ನೂ ನೋಡಿದ್ದಾಯಿತು. ಬಾಯಿ ಮುಚ್ಚಿದ ಮೇಲೆ ‘ಕೊಪ್ಪ’ ಬಂತು. ಜಿಲ್ಲೆಯ ಅಷ್ಟೂ ಊರುಗಳಲ್ಲಿ ಅಂತರಿಕ್ಷಕ್ಕೆ ಅರ್ಹತೆ ಪಡೆದದ್ದು ನಮ್ಮದೊಂದೇ, ಅದೂ ಬಾಯಳತೆಯಿಂದ. ಪ್ರಾತಿನಿಧ್ಯದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಈ ಅಂಶವನ್ನು ಗಮನಿಸಬೇಕು.

ಪ್ರಣೀತ ಮಾತ್ರ ಪೂರ್ತಿ ಸೋಲಲಿಲ್ಲ. ‘ಸಾಯೋ ಸೀನ್‌ನಲ್ಲಿ ಥಿಯೇಟರ್ ನಕ್ಕರೆ ಸಿನಿಮಾ ಮುಗೀತು ಸುಮಾ. ಕುಶಾಲನಗರದಲ್ಲಿ ಒಂದು ಟೆಸ್ಟ್ ಶೋ ಇಡೋಣ. ಜನ ನಕ್ಕರೆ ಸಿಂಹ ಹಾಕ್ತೀನಿ. ಆ ಪಾತ್ರದ ಉಳಿದ ಮಾತನ್ನೂ ನೀಟಾಗಿ ಪುಸ್ತಕದ ಕನ್ನಡ ಮಾಡಿಬಿಡ್ತೀನಿ. ಆಮೇಲೆ ಜಗಳ ಇಲ್ಲ, ಆಯ್ತಾ?’

ಸುಮಾ ಆಯ್ತು ಎಂದಳು.

ಟೆಸ್ಟ್ ಶೋ ಒಂದು ಭಾನುವಾರ ಬೆಳಿಗ್ಗೆ ನಡೆಯಿತು. ಟಿಕೆಟ್ ಇಲ್ಲ ಎಂದಮೇಲೆ ಕೇಳಬೇಕೆ?

ಕುಶಾಲನಗರದ ಎಲ್ಲ ಬಗೆಯ ಜನವೂ ಅಲ್ಲಿತ್ತು. ಸುಮಾಳ ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮ, ಬೈಲುಕುಪ್ಪೆಯ ಟಿಬೆಟನ್ ಹುಡುಗರು, ಕಾಫಿ ಪಿಕ್ಕಿಂಗ್ ಇಲ್ಲದ ದಿನವೆಂದು ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಹೆಂಗಸರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಭಾಷೆ. ಅಕ್ಕಪಕ್ಕದವರನ್ನು ಜರುಗಿ ಎನ್ನಲು ಮಾತ್ರ ಎಲ್ಲರೂ ಕನ್ನಡ ಬಳಸುತ್ತಿದ್ದರು. ನಾನು, ಜಯ, ನಡುವೆ ಸುಮಾ. ನಮ್ಮ ಹಿಂದಿನ ಸಾಲಿನಲ್ಲಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡ ಒಬ್ಬ ಅಜ್ಜಿ, ಪಕ್ಕದಲ್ಲಿ ಅವರ ಮೊಮ್ಮಗಳು, ಇನ್ನೊಂದು ಪಕ್ಕದಲ್ಲಿ ಪ್ರಣೀತ.

ಹಡಗು ಹಾರಿತು. ರಷ್ಯಾದವನು ಕುಡಿದ. ಫ್ರಾನ್ಸಿನವನು ಪ್ರೀತಿಸಿದ. ಆಮೇಲೆ ಅಡುಗೆಮನೆಯ ಬಾಗಿಲು ತೆರೆದು ಕುಮಾರ ಕಂಡ. ‘ಬನ್ರಪ್ಪ ಎಲ್ರೂ. ಆರೋಯ್ತದೆ, ಬಿಸಿ ಇರುವಾಗ್ಲೇ ಉಣ್ಣಿ’ ಎಂದ.

ಅಲ್ಲಲ್ಲಿ ಕಿಸಕ್ಕೆಂದಿತು.

ಸುಮಾ ನನ್ನ ಮುಂಗೈ ಹಿಡಿದುಕೊಂಡಳು. ಅವನು ಇನ್ನೊಂದು ಸಲ ಬಾಯಿ ಬಿಟ್ಟ, ಮತ್ತೆ ಕಿಸಕ್. ಹಡಗಿಗೆ ಗುಂಡು ಬೀಳುತ್ತಿರುವಾಗ ‘ಎದೆ ಯಾಕಿಂಗೆ ಹೊಡ್ಕತದೆ?’ ಎಂದು ಅವನು ತನಗೆ ತಾನೇ ಹೇಳಿಕೊಂಡಾಗ ಯಾರೋ ಜೋರಾಗಿಯೇ ನಕ್ಕರು. ಸುಮಾಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ನನ್ನ ಧ್ವನಿ ಅಷ್ಟು ದೊಡ್ಡದಾಗಿ, ಅಷ್ಟು ಕಡೆಯಿಂದ ಬರುತ್ತಿರುವುದನ್ನು ಕೇಳಿ ನನಗೇ ಕುರ್ಚಿಯ ಕೆಳಗೆ ಹೋಗಿ ಕೂರುವ ಹಾಗಾಗಿತ್ತು. ಸಿಂಹವೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಅಂತಲೂ ಅನ್ನಿಸಿತು, ಸುಮಾಳಿಗೆ ಹೇಳಲಿಲ್ಲ.

ಹಡಗು ಒಡೆಯಿತು. ಹೊಗೆಯೊಳಗಿಂದ ವೈರಿ ಹುಡುಗ ಬಂದ. ಕೋವಿ ಕುಮಾರನ ಎದೆಗೆ ತಾಗಿತು.

‘ನೀನು ಯಾವ ಕಡೆಯವನು?’

‘ಕೊಡ್ಲಿಪೇಟೆ ಕಡೆಯೋನು ಕಣಪ್ಪ.’

ಚಿತ್ರಮಂದಿರ ಸಿಡಿಯಿತು. ನಗು, ಸಿಳ್ಳೆ, ಚಪ್ಪಾಳೆ, ಕಾಲಿನಿಂದ ಕುರ್ಚಿಗೆ ಗುದ್ದು. ‘ಏಯ್, ನಮ್ಮ ಹೈದ ಕಣ್ರೋ!’ ಎಂದು ಯಾವನೋ ಕೂಗಿದ. ಅದಕ್ಕೆ ಮತ್ತೊಂದು ಸುತ್ತು ನಗು. ಸುಮಾ ನನ್ನ ಕೈ ಬಿಟ್ಟಳು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿದಳು. ಜಯ ಅವಳ ಬೆನ್ನ ಮೇಲೆ ಕೈ ಇಟ್ಟಳು.

ನಗು ಇನ್ನೂ ಅರ್ಧದಲ್ಲಿತ್ತು. ಕೋವಿ ಸದ್ದಾಯಿತು.

ಕುಮಾರ ಬೀಳಲಿಲ್ಲ. ಅಂತರಿಕ್ಷದಲ್ಲಿ ಬೀಳುವುದೆಲ್ಲಿಗೆ? ಹಾಗೇ ಹಿಂದಕ್ಕೆ ತೇಲಿದ. ಪೇಟ ಬಿಚ್ಚಿಕೊಂಡು ಉದ್ದಕ್ಕೆ ಹರಡಿತು. ಸಿಳ್ಳೆ ಹಾಕುತ್ತಿದ್ದವನ ಸಿಳ್ಳೆ ನಡುವೆಯೇ ನಿಂತಿತು. ನಗು ಸಾಲಿನಿಂದ ಸಾಲಿಗೆ ಆರುತ್ತ ಬಂದು, ಕೊನೆಗೆ ಮೇಲಿನ ಫ್ಯಾನುಗಳ ಸದ್ದು ಕೇಳಿಸುವಷ್ಟಾಯಿತು. ಪರದೆಯ ಮೇಲೆ ವೈರಿ ಹುಡುಗ ತನ್ನ ಕೋವಿಯನ್ನೇ ನೋಡುತ್ತ ನಿಂತಿದ್ದ.

‘ಅಯ್ಯೋ, ಹೊಡ್ದೇಬಿಟ್ನಲ್ಲೇ’ ಎಂದರು ಹಿಂದಿನ ಸಾಲಿನ ಅಜ್ಜಿ. ಮೊಮ್ಮಗಳ ಕಡೆ ತಿರುಗಿ ಕೇಳಿದರು, ‘ಮನೆಗೆ ಹೇಳಿ ಕಳ್ಸಿದ್ರಾ?’

‘ಅಜ್ಜಿ, ಸುಮ್ನಿರು. ಕಾರ್ಟೂನದು.’

‘ಯಾವ್ದಾದ್ರೂ ಆಗ್ಲಿ. ಕೊಡ್ಲಿಪೇಟೇಲಿ ತಾಯಿ ಅನ್ನೋಳು ಕಾಯ್ಕೊಂಡು ಕೂತಿರ್ತಾಳಲ್ಲ. ಹೇಳಿ ಕಳ್ಸಿದ್ರೋ ಇಲ್ವೋ?’

ಸುಮಾ ತಲೆ ಎತ್ತಿದಳು. ಯಾರೂ ‘ಶ್’ ಎನ್ನಲಿಲ್ಲ, ಯಾರೂ ನಗಲೂ ಇಲ್ಲ. ಪ್ರಣೀತ ಕತ್ತಲಲ್ಲಿ ಆ ಅಜ್ಜಿಯ ಕಡೆ ಬಾಗಿ, ಮೆಲ್ಲಗೆ ಹೇಳಿದ:

‘ಕಳ್ಸಿದಾರೆ ಅಜ್ಜಿ. ಕೊಡ್ಲಿಪೇಟೆಗೆ ಜನ ಹೊರಟಿದಾರೆ.’